ಕದಕ್ಕೆ ಬೆನ್ನು ಕೊಟ್ಟು ನಿಂತವನು

ಹಿರೇಬಸೂರು, ನೇಕಾರ ಓಣಿ
ಎರಡನೆಯ ಬಿಸಿಲುತಿಂಗಳ ಹದಿನಾಲ್ಕು, ೨೧೯೧

ನಮ್ಮ ಕ್ರೈಸ್ತ ಸಭೆಯ ಪೂರ್ವಿಕರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಿಂಗಳಿಲ್ಲವೆಂದು ಬಲ್ಲೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ದೇವಾಲಯದ ಕಪಾಟಿನಲ್ಲಿ ನಿಮ್ಮ ಕಾಲದ ನಡವಳಿ ಪುಸ್ತಕವೊಂದು ಸಿಕ್ಕಿತು. ‘ಈಗಿನ ಕಾಲಕ್ಕೆ ಸಭೆಯಿಂದೇನು ಪ್ರಯೋಜನ?’ ಎಂದು ಒಂದು ಭಾನುವಾರ ಚರ್ಚಿಸಿದ್ದೀರಿ. ಉತ್ತರದ ಜಾಗ ಖಾಲಿಯಿದೆ. ಆ ಪ್ರಶ್ನೆ ನಮ್ಮನ್ನೂ ಕಾಡಿತು. ನಾನು ಕೊಟ್ಟ ಉತ್ತರದಿಂದ ಏನಾಯಿತೆಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಬೇಸಿಗೆ ಏಳು ತಿಂಗಳು. ಹತ್ತು ಗಂಟೆಯಿಂದ ಸಂಜೆ ಐದರವರೆಗೆ ಹೊರಗೆ ನಿಂತವರು ಬದುಕುವುದು ಕಷ್ಟ. ಆದ್ದರಿಂದ ಊರಿನವರೆಲ್ಲ ತಂಪುಮನೆಗಳಲ್ಲಿ, ಅಂದರೆ ಯಂತ್ರದಿಂದ ತಣ್ಣಗಿಟ್ಟ ದಪ್ಪಗೋಡೆಯ ಕಟ್ಟಡಗಳಲ್ಲಿ, ಹಗಲು ಕಳೆಯುತ್ತಾರೆ. ಹೆಂಗಸರು ಅಲ್ಲೇ ನೂಲು ಸುತ್ತುತ್ತಾರೆ, ಮಕ್ಕಳು ಅಲ್ಲೇ ಪಾಠ ಕಲಿಯುತ್ತಾರೆ. ಒಳಗೆ ಹೋಗಲು ಅಂಗೈಗುರುತು ಬೇಕು. ಅದು ಊರಿನಲ್ಲಿ ಹುಟ್ಟಿದವರಿಗೆ ಮಾತ್ರ ಸಿಗುತ್ತದೆ; ಮುಳುಗಿದ ಕರಾವಳಿಯಿಂದ ಬಂದವರಿಗೆ, ನಾವು ‘ಕಡಲುಬಿಟ್ಟವರು’ ಎನ್ನುವವರಿಗೆ, ಸಿಗುವುದಿಲ್ಲ.

ನಮ್ಮ ಸಭೆಯಲ್ಲಿ ಉಳಿದದ್ದು ಹನ್ನೊಂದು ಜನ. ಹನ್ನೊಂದು ಜನಕ್ಕೆ ಇಷ್ಟು ದೊಡ್ಡ ಕಲ್ಲಿನ ಕಟ್ಟಡವೇಕೆ ಎಂದು ನಗರಸಭೆ ಕೇಳಿತು. ಸಭಾಹಿರಿಯನಾದ ನಾನೇ ಮುಂದೆ ಬಿದ್ದು, ವಾರದ ದಿನಗಳಲ್ಲಿ ಇದೂ ತಂಪುಮನೆಯಾಗಲಿ ಎಂದೆ. ಬಾಗಿಲಿಗೆ ಕದಗಣ್ಣು, ಅಂದರೆ ಅಂಗೈಗುರುತು ನೋಡುವ ಯಂತ್ರ, ಕೂರಿಸಿದರು. ಭಾನುವಾರವೂ ಸೇರಿ ಯಾವ ದಿನವಾದರೂ ಗುರುತಿಲ್ಲದವರು ಒಬ್ಬರು ಒಳಬಂದರೂ ಅದು ಎಣಿಸಿಕೊಳ್ಳುತ್ತದೆ, ಕಟ್ಟಡ ನಮ್ಮ ಕೈಬಿಡುತ್ತದೆ. ನಾನು ಖುಷಿಯಿಂದಲೇ ಸಹಿ ಹಾಕಿದೆ. ನಾನು ಹುಟ್ಟಿದ ಮೇಲೆ ಮೊದಲ ಸಲ ಬೆಂಚುಗಳು ತುಂಬಿದವು. ಸಭೆ ಉಪಯೋಗಕ್ಕೆ ಬಂತೆಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ಹೋದ ವರ್ಷ ಒಂದು ಭಾನುವಾರ, ಆರಾಧನೆ ಮುಗಿದು ಎಲ್ಲರೂ ಹೋಗಿದ್ದರು. ಒಳಗೆ ನಾನು ಮತ್ತು ಕಸ ಗುಡಿಸುವ ಸುಗುಣವ್ವ, ಇಬ್ಬರೇ. ಮಧ್ಯಾಹ್ನ ಯಾರೋ ಕದ ಬಡಿದರು. ಕಿಂಡಿಯಲ್ಲಿ ನೋಡಿದೆ. ಕಡಲುಬಿಟ್ಟ ಹೆಂಗಸೊಬ್ಬಳು ಮುದುಕಿಯನ್ನು ತೋಳಿನಲ್ಲಿ ಹಿಡಿದು ನಿಂತಿದ್ದಳು. ಮುದುಕಿಯ ಕೊರಳಲ್ಲಿ ಶಿಲುಬೆಯ ಜಪಸರ ಇತ್ತು.

“ತೆಗೀರಿ ಯಜಮಾನ್ರ, ಮುದುಕಿ ತೇಕಾಕತ್ತಾಳ,” ಎಂದಳು ಸುಗುಣವ್ವ.

“ಸುಮ್ಮಿರು. ಕದಗಣ್ಣು ಎಣಸತೈತಿ. ಒಬ್ಬಾಕಿ ಸಲುವಾಗಿ ಇಡೀ ಗುಡಿ ಕಳಕೊಳ್ಳೂದೇನು?”

ಸುಗುಣವ್ವ ಚಿಲಕಕ್ಕೆ ಕೈ ಹಾಕಲು ಬಂದಳು. ನಾನು ಕದಕ್ಕೆ ಬೆನ್ನು ಕೊಟ್ಟು ನಿಂತೆ. ಬಡಿತ ನನ್ನ ಬೆನ್ನಿಗೇ ತಾಗುತ್ತಿತ್ತು. ಆಮೇಲೆ ನಿಂತಿತು. ಎದುರಿನ ಮಗ್ಗದ ಮನೆಯ ಮೆಹಬೂಬ್ಬಿ ಹೊರಗೆ ಓಡಿಬಂದು ಇಬ್ಬರನ್ನೂ ಒಳಗೆ ಕರೆದುಕೊಂಡಳಂತೆ. ಮೂರನೆಯ ದಿನ ಮುದುಕಿ ತೀರಿಕೊಂಡಳು. ಸುಗುಣವ್ವ ಕೆಲಸ ಬಿಟ್ಟಳು.

ತಿಂಗಳ ಬಳಿಕ ಆ ಹೆಂಗಸು ಬೆಳಗಿನ ಆರಾಧನೆಗೆ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಹೆಸರು ಜಾಸಿಂತಾ. ತೀರಿಹೋದವಳು ಅವಳ ಅತ್ತೆ. ನನಗೆ ನಮಸ್ಕರಿಸಿ ಹೇಳಿದಳು: “ಅವತ್ತು ಒಳಗೆ ಯಾರೂ ಇರ್ಲಿಲ್ಲ ಕಾಣ್ತದೆ. ಇದ್ದಿದ್ರೆ ನೀವು ತೆಗೀತಿದ್ರಿ.”

“ಹೌದವ್ವ, ಯಾರೂ ಇರಲಿಲ್ಲ,” ಎಂದೆ.

ಹತ್ತು ತಿಂಗಳು ಪ್ರತಿ ಭಾನುವಾರ ಅವಳು ನನಗೆ ಕೈಮುಗಿದಳು. ನಾನೂ ಮುಗಿದೆ. ಕರ್ತನ ಭೋಜನದ ಬಟ್ಟಲು ಹಿಡಿಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ, ವಯಸ್ಸಾಯಿತೆಂದರು. ಕಳೆದ ಭಾನುವಾರ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ನಮ್ಮ ಅತ್ತೆ ಹೆಸರು ಗೊತ್ತುಂಟಾ ನಿಮ್ಗೆ?”

ಗೊತ್ತಿರಲಿಲ್ಲ. ಹತ್ತು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಸೆವ್ರಿನ್,” ಎಂದು ಹೇಳಿ ಎದ್ದು ಹೋದಳು.

ಅದೇ ದಿನ ಸಭೆಯವರ ಮುಂದೆಯೂ ಒಪ್ಪಿಕೊಂಡು ಹಿರಿತನ ಬಿಟ್ಟೆ. ನಮ್ಮ ಸಭಾಪಾಲಕಿ ಕೃಪಾವತಿ ಅಮ್ಮನವರು ಏಣಿ ತರಿಸಿ ಕದಗಣ್ಣನ್ನು ತಾವೇ ಕಿತ್ತರು. ಬರುವ ತಿಂಗಳು ಕಟ್ಟಡ ನಮ್ಮದಾಗಿರುವುದಿಲ್ಲ. ಮಗ್ಗದ ಮನೆಯಲ್ಲಿ ಕೂಡಿಕೊಳ್ಳಿ ಎಂದು ಮೆಹಬೂಬ್ಬಿ ಹೇಳಿಕಳಿಸಿದ್ದಾಳೆ. ಜಾಸಿಂತಾ ಬರುತ್ತಾಳೋ ಇಲ್ಲವೋ ತಿಳಿಯದು. ಬಾ ಎನ್ನಲು ನನಗೆ ಬಾಯಿಲ್ಲ.

ಹಿರಿಯರೇ, ನನಗಾಗಿ ಏನೂ ಬೇಡುವುದಿಲ್ಲ. ಈ ಭಾನುವಾರ ನೀವು ಕೂಡಿದಾಗ ಸೆವ್ರಿನ್ ಎಂಬ ಹೆಸರನ್ನು ಗಟ್ಟಿಯಾಗಿ ಹೇಳಿ ಪ್ರಾರ್ಥಿಸಿ. ನಿಮ್ಮ ಕಾಲದಲ್ಲಿ ಅವಳಿನ್ನೂ ಹುಟ್ಟಿಲ್ಲ. ನಿಮಗಿನ್ನೂ ತಡವಾಗಿಲ್ಲ.

ಸಮಾಧಾನ ಎಲಿಯಪ್ಪ ಹಂಚಿನಾಳ