ಪ್ಲಾಸ್ಟಿಕ್ ಬಂಡೆಯೊಳಗಿನ ಗಂಡುಕಪ್ಪೆಗಳು

ಸಾರ್ವಜನಿಕ ಉದ್ಯಾನಗಳ ಮುಖ್ಯಾಧಿಕಾರಿಗಳೇ,

ನಿಮ್ಮ 'ಪ್ರಕೃತಿ ಉದ್ಯಾನ'ದ ಕೊಳದ ಸುತ್ತ ಪ್ಲಾಸ್ಟಿಕ್ ಬಂಡೆಗಳೊಳಗೆ ಬಚ್ಚಿಟ್ಟಿರುವ ಎಂಟು ಧ್ವನಿವರ್ಧಕಗಳು ಆ ಕೊಳದ ಹೆಣ್ಣುಕಪ್ಪೆಗಳನ್ನು ಕೊಲ್ಲುತ್ತಿವೆ. ಅವುಗಳಿಂದ ಸಂಜೆ ಆರರಿಂದ ಒಂಬತ್ತರವರೆಗೆ ಕೇಳಿಬರುವ ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸಿದವಳು ನಾನು. ಹಾಗಾಗಿ ಈ ಕೊಲೆಯಲ್ಲಿ ನನಗೂ ಪಾಲಿದೆ. ನಿಮ್ಮ ಪಾಲನ್ನು ನೆನಪಿಸಲು ಎರಡು ಪತ್ರ ಬರೆದೆ, ಅವು ಯಾವ ಕಡತದ ಹೊಟ್ಟೆ ಸೇರಿದವೋ ತಿಳಿಯದು. ಮೂರನೆಯದಕ್ಕೆ ಉತ್ತರ ಬಂತು. ಅದನ್ನು ಓದಿದ ಮೇಲೆ ನಾಲ್ಕನೆಯದನ್ನು ನಿಮಗೊಬ್ಬರಿಗೇ ಬರೆದು ಪ್ರಯೋಜನವಿಲ್ಲ ಅನ್ನಿಸಿತು, ಅದಕ್ಕೇ ಇದು ಎಲ್ಲರೂ ಓದಲೆಂದು ಬರೆದ ಬಹಿರಂಗ ಪತ್ರ.

ನಾನು ವಿಜ್ಞಾನಿಯಲ್ಲ. ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಶ್ರವಣ ಪರೀಕ್ಷೆ ಮಾಡುತ್ತೇನೆ. ಸದ್ದು ಒಳಬರದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, "ಕೇಳಿಸಿದ ತಕ್ಷಣ ಗುಂಡಿ ಒತ್ತಿ" ಎನ್ನುವುದು ನನ್ನ ಹೊಟ್ಟೆಪಾಡು. ದಿನವಿಡೀ ಯಂತ್ರದ ಕೀರಲು ಸದ್ದಿಗೆ ತಲೆ ಚಿಟ್ಟು ಹಿಡಿದು, ಕೆಲಸ ಮುಗಿದೊಡನೆ ಆ ಕೊಳದ ದಂಡೆಗೆ ಹೋಗಿ ಕೂರುತ್ತಿದ್ದೆ. ಆಗ ಅದು ಪ್ರಕೃತಿ ಉದ್ಯಾನವಾಗಿರಲಿಲ್ಲ, ಆದ್ದರಿಂದ ಅಲ್ಲಿ ಪ್ರಕೃತಿ ಇತ್ತು. ಜೊಂಡು ಇತ್ತು, ಮೊಣಕಾಲುದ್ದ ಕೆಸರಿತ್ತು, ಮಳೆ ಬಿದ್ದ ಸಂಜೆ ನೂರಾರು ಗಂಡುಕಪ್ಪೆಗಳು ಗಂಟಲು ಉಬ್ಬಿಸಿ ಕೂಗುತ್ತಿದ್ದವು. ಹನ್ನೊಂದು ವರ್ಷದ ಹಿಂದೆ ಒಂದು ಹಳೆಯ ಧ್ವನಿಮುದ್ರಣ ಯಂತ್ರ ಕೊಂಡೆ. ಒಬ್ಬಳೇ ಹೋಗಬೇಡ ಎಂದು ಚಿಕ್ಕಮ್ಮ ಒಂದು ಸ್ಟೂಲು ಹಿಡಿದು ಜೊತೆಗೆ ಬರುತ್ತಿದ್ದಳು. ಒಂದು ಇಡೀ ಮಳೆಗಾಲ ಸೊಳ್ಳೆಗೆ ಮೈಯೊಡ್ಡಿ ನಾವಿಬ್ಬರೂ ಗಳಿಸಿದ್ದು ಮೂವತ್ತೇಳು ನಿಮಿಷ.

ಕಳೆದ ವರ್ಷ ನಿಮ್ಮ ಕಚೇರಿಯ ಗುಮಾಸ್ತರು ಮನೆಗೆ ಬಂದರು. "ಶಾಲೆ ಮಕ್ಕಳಿಗೆ ಕಲಿಸೋಕೆ ಮೇಡಂ, ನಿಮ್ಮಂಥವರು ಅಪರೂಪ" ಎಂದರು. ನಾನು ಉಬ್ಬಿಹೋದೆ. "ಏನಕ್ಕೆ ಬೇಕಂತೆ, ಸರಿಯಾಗಿ ಕೇಳೇ" ಎಂದ ಚಿಕ್ಕಮ್ಮನನ್ನು ಒಳಗೆ ಕಳಿಸಿ, ಆ ಮೂವತ್ತೇಳು ನಿಮಿಷವನ್ನೂ ಕೈಯೆತ್ತಿ ಕೊಟ್ಟೆ. ತಿಂಗಳೊಳಗೆ ನೀವು ಜೊಂಡು ಕೀಳಿಸಿದಿರಿ, ಕೆಸರು ಎತ್ತಿಸಿದಿರಿ, ಕೊಳಕ್ಕೆ ನುಣುಪಾದ ಕಲ್ಲಿನ ಅಂಚು ಕಟ್ಟಿಸಿ ಸುತ್ತ ನೆಲಹೆಂಚು ಹಾಸಿಸಿದಿರಿ. ಕಪ್ಪೆಗಳು ಬಹುಪಾಲು ಮಂಗಮಾಯವಾದವು, ಕೂಗುವ ಗಂಡುಗಳಂತೂ ಬೆರಳೆಣಿಕೆಗೆ ಇಳಿದವು. ಟಿಕೆಟ್ ಪಡೆದು ಬಂದ ಜನ, ಪ್ರಕೃತಿಯ ಸದ್ದೇ ಇಲ್ಲವಲ್ಲ ಎಂದು ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿದರಂತೆ. ಬೇರೆ ಯಾರಾದರೂ ಆಗಿದ್ದರೆ ಕೆಸರು ವಾಪಸ್ ತರಿಸುತ್ತಿದ್ದರು. ನೀವು ಬಂಡೆ ತರಿಸಿದಿರಿ.

ಮೊದಲ ಸಂಜೆ ನಾವಿಬ್ಬರೂ ಅಲ್ಲಿ ನಡೆಯುತ್ತಿದ್ದೆವು. ಬಂಡೆಯೊಳಗಿಂದ ಕಪ್ಪೆಗಳ ನಡುವೆ ಜೋರಾಗಿ ಒಂದು ಸೀನು ಕೇಳಿಸಿತು. ಅದರ ಹಿಂದೆಯೇ, "ಬಾಯಿ ಮುಚ್ಕೊಂಡು ಸೀನೇ, ಅವು ಹೆದರ್ಕೋತವೆ" ಎಂದು ನನ್ನನ್ನು ಬೈಯುವ ದನಿ. ಚಿಕ್ಕಮ್ಮ ನಿಂತಲ್ಲೇ ನಿಂತು, "ಅಯ್ಯೋ, ಆ ಕಲ್ಲೊಳಗೆ ನಾನಿದೀನಲ್ಲೇ!" ಎಂದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮಳೆ ಶುರುವಾದ ವಾರಕ್ಕೆ, ಉದ್ಯಾನ ಗುಡಿಸುವ ಹೆಂಗಸು ಕಿವಿ ತೋರಿಸಲು ನನ್ನ ಕೋಣೆಗೆ ಬಂದಳು. ಪರೀಕ್ಷೆ ಮುಗಿದ ಮೇಲೂ ಏಳಲಿಲ್ಲ. "ಅಕ್ಕಾ, ಬೆಳಿಗ್ಗೆ ಬೆಳಿಗ್ಗೆ ಆ ಬಂಡೆಗಳ ಸುತ್ತ ಮೊರಗಟ್ಟಲೆ ಸತ್ತ ಕಪ್ಪೆ ಎತ್ತಿಹಾಕ್ತೀನಿ. ಎಲ್ಲಾ ಹೊಟ್ಟೆ ಉಬ್ಬಿರೋವೇ. ಗುಡಿಸೋಕೆ ಕೈ ಬರಲ್ಲ" ಎಂದಳು. ಆ ದಿನ ಸಂಜೆಯೇ ಹೋಗಿ ನೋಡಿದೆ. ಮೊಟ್ಟೆ ತುಂಬಿಕೊಂಡ ಹೆಣ್ಣುಗಳು ನೀರು ಬಿಟ್ಟು, ಕಲ್ಲಿನ ಅಂಚು ದಾಟಿ, ಹೆಂಚಿನ ಮೇಲೆ ಕುಪ್ಪಳಿಸುತ್ತ ಬಂದು ಬಂಡೆಯ ಮುಂದೆ ಕೂರುತ್ತಿದ್ದವು. ಹೆಣ್ಣುಕಪ್ಪೆ ಜೋರಾಗಿ ಕೂಗುವ ಗಂಡನ್ನು ಹುಡುಕಿ ಹೋಗುತ್ತದೆ ಎಂಬುದು ಜೀವಶಾಸ್ತ್ರ ಓದಿದ ಯಾರಿಗಾದರೂ ಗೊತ್ತು. ನಿಮ್ಮ ಇಲಾಖೆಯಲ್ಲಿ ಅಂಥವರು ಒಬ್ಬರೂ ಇಲ್ಲವೇ, ಅಥವಾ ಇರುವವರನ್ನೆಲ್ಲ ಟಿಕೆಟ್ ಹರಿಯಲು ಕೂರಿಸಿದ್ದೀರಾ? ಕೂಗುವವರು ಹೊರಬರಲಿ ಎಂದು ಅವು ಕಾದೇ ಕಾಯುತ್ತಿದ್ದವು. ನನ್ನ ಯಂತ್ರಕ್ಕೆ ಸಿಕ್ಕ ಆ ಗಂಡುಗಳು ಸತ್ತು ಎಷ್ಟೋ ವರ್ಷವಾಗಿದೆ. ಟಾರ್ಚ್ ಬಿಟ್ಟು ಎಣಿಸಿದೆ, ಕೊಳದಲ್ಲಿ ನಿಜವಾಗಿ ಜೀವಂತವಿರುವ ಏಳು ಗಂಡುಗಳು ಗಂಟಲು ಉಬ್ಬಿಸಿ ಕೂಗುತ್ತಲೇ ಇದ್ದವು, ಅವುಗಳ ದನಿ ಪಕ್ಕದಲ್ಲಿ ನಿಂತರೂ ಕೇಳಿಸುತ್ತಿರಲಿಲ್ಲ. ಕಾದು ಸೋತ ಹೆಣ್ಣುಗಳಿಗೆ ದಾರಿ ತಪ್ಪಿ, ಕೆಲವು ಕಾಲಿಗೆ ಸಿಕ್ಕವು, ಉಳಿದವು ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹೆಂಚಿನ ಮೇಲೆ ಒಣಗಿದ್ದವು. ನಾನು ಅಲ್ಲೇ ಕೂತು ಅತ್ತೆ.

ಇದನ್ನೆಲ್ಲ ತಿಳಿಸಿದ್ದಕ್ಕೆ ತಾವು ದಯಪಾಲಿಸಿದ ಉತ್ತರ ಹೀಗಿದೆ: "ಕಪ್ಪೆಗಳು ಧ್ವನಿವರ್ಧಕಗಳತ್ತ ಆಕರ್ಷಿತವಾಗುತ್ತಿರುವುದು ಯೋಜನೆಯ ಯಶಸ್ಸಿಗೆ ಸಾಕ್ಷಿಯಾಗಿರುತ್ತದೆ. ಸಾರ್ವಜನಿಕರು ಸದರಿ ಜೀವಿಗಳನ್ನು ಸಮೀಪದಿಂದ ವೀಕ್ಷಿಸಲು ಅನುಕೂಲವಾಗುವಂತೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ." ಕ್ರಮ ಕೈಗೊಂಡದ್ದೂ ನಿಜವೇ. ಮರುವಾರ ಪ್ರತಿ ಬಂಡೆಯ ಪಕ್ಕ 'ಕಪ್ಪೆ ವೀಕ್ಷಣಾ ಸ್ಥಳ, ಹತ್ತಿರ ಬನ್ನಿ' ಎಂಬ ಫಲಕ ಎದ್ದಿತು, ದನಿಯನ್ನೂ ಏರಿಸಲಾಯಿತು. ಕೂಗಿಗೆ ಕಪ್ಪೆ ಬಂತು, ಫಲಕಕ್ಕೆ ಜನ ಬಂದರು, ಮಬ್ಬುಗತ್ತಲಲ್ಲಿ ಎರಡೂ ಒಂದೇ ಮಾರು ಜಾಗದಲ್ಲಿ ಕೂಡಿದವು. ಮುಂದಿನದನ್ನು ಪೊರಕೆ ಹಿಡಿದವಳು ಹೇಳಿಯಾಳು. ಸಾವಿಗೆ ಸಾಕ್ಷಿ ಕೊಟ್ಟರೆ ಅದನ್ನೇ ಯಶಸ್ಸಿನ ಸಾಕ್ಷಿ ಎಂದು ಓದಿಕೊಳ್ಳುವುದು ಸಾಮಾನ್ಯರಿಗೆ ಒಲಿಯುವ ವಿದ್ಯೆಯಲ್ಲ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಬಗೆಬಗೆಯ ಕಿವುಡು ಕಂಡಿದ್ದೇನೆ. ಜಾಣಕಿವುಡನ್ನು ಅಳೆಯುವ ಯಂತ್ರ ಮಾತ್ರ ನಮ್ಮ ವಿಭಾಗಕ್ಕೆ ಇನ್ನೂ ಬಂದಿಲ್ಲ.

ಮೊನ್ನೆ ಬಕೆಟ್ ಹಿಡಿದು ನಾನೇ ಹೋದೆ. ಬಂಡೆಗಳ ಮುಂದಿನಿಂದ ಹತ್ತೊಂಬತ್ತು ಹೆಣ್ಣುಗಳನ್ನು ಆರಿಸಿ, ನೀರಿಗೆ ಬಿಡಲು ಹೊರಟಿದ್ದೆ. ನಿಮ್ಮ ಕಾವಲುಗಾರ ಅಡ್ಡ ಬಂದ.

"ಮೇಡಂ, ಇಲ್ಲಿ ಪ್ರಾಣಿಗಳನ್ನ ಮುಟ್ಟೋ ಹಾಗಿಲ್ಲ. ಬೋರ್ಡ್ ನೋಡಿ."

"ತುಳೀಬಹುದಾ?"

"ಅದರ ಬಗ್ಗೆ ಬೋರ್ಡಲ್ಲಿ ಏನೂ ಬರೆದಿಲ್ಲ."

ಅವನು ಕೆಟ್ಟವನಲ್ಲ, ನಿಮ್ಮ ಆದೇಶಕ್ಕೆ ಹೆದರುವವನು. ಎತ್ತಿದ ಜಾಗಕ್ಕೇ ವಾಪಸ್ ಬಿಡಬೇಕು ಎಂದು ಬಕೆಟ್ ಕಿತ್ತುಕೊಂಡು, ಹತ್ತೊಂಬತ್ತನ್ನೂ ಬಂಡೆಯ ಮುಂದೆ ಹೆಂಚಿನ ಮೇಲೆ ಸುರಿದ. ಅಷ್ಟರಲ್ಲಿ ಒಂದು ಕುಟುಂಬ ಫೋಟೊ ತೆಗೆಯಲು ಹತ್ತಿರ ಬಂತು. ನಾನು ಅವರಿಗೆ ದೂರ ನಿಲ್ಲಿ ಎಂದು ಕಿರುಚಿದೆ. ಗದ್ದಲ ಮಾಡಿದೆನೆಂದು ನನ್ನನ್ನು ಗೇಟಿನ ಹೊರಗೆ ಹಾಕಲಾಯಿತು.

ಮಳೆ ಇನ್ನು ಹೆಚ್ಚೆಂದರೆ ಮೂರು ವಾರ. ಈ ಮೂರು ವಾರದಲ್ಲಿ ಉಳಿದ ಹೆಣ್ಣುಗಳು ಆ ಏಳು ಗಂಡುಗಳನ್ನು ಕಂಡುಕೊಳ್ಳದಿದ್ದರೆ, ಮುಂದಿನ ವರ್ಷ ಆ ಕೊಳದಲ್ಲಿ ಕಪ್ಪೆಯಿರುವುದಿಲ್ಲ. ಆದ್ದರಿಂದ ಸಮಿತಿ, ಪರಿಶೀಲನೆ, ಮುಂದಿನ ಸಭೆ ಎಂಬ ಸಬೂಬುಗಳನ್ನು ಬದಿಗಿಟ್ಟು, ಇವತ್ತು ಸಂಜೆಯೇ ಧ್ವನಿವರ್ಧಕಗಳನ್ನು ನಿಲ್ಲಿಸಿ. ಅದಕ್ಕೆ ಬೇಕಾಗಿರುವುದು ಒಂದು ಸ್ವಿಚ್ಚು, ಒಂದು ಬೆರಳು. ಫಲಕಗಳನ್ನು ಕೀಳಿಸಿ. ದಂಡೆಯ ಒಂದು ಬದಿಯಲ್ಲಾದರೂ ಕಲ್ಲು ಒಡೆಸಿ ಕೆಸರಿಗೆ ಜಾಗ ಕೊಡಿ. ಹಾಗಾದರೆ ಟಿಕೆಟ್ ಪಡೆದವರಿಗೆ ಏನು ಕೇಳಿಸುವುದು ಎಂದು ನೀವು ಕೇಳುತ್ತೀರಿ. ಏಳು ಕಪ್ಪೆಗಳ ಕೂಗು ಕೇಳಿಸಲಿ. ಉಳಿದಂತೆ ಅಲ್ಲಿರುವ ನಿಶ್ಶಬ್ದವನ್ನು ಕೇಳಿಸಿ. ಅದು ನಿಮ್ಮ ಇಲಾಖೆಯೇ ತಯಾರಿಸಿದ್ದು, ಯಾರಿಂದಲೂ ಕೇಳಿ ಪಡೆದದ್ದಲ್ಲ.

ಇಂತಿ,
ಇನ್ನು ಮುಂದೆ ಯಾವ ಕಚೇರಿಗೂ ಏನನ್ನೂ ಕೊಡಬಾರದೆಂದು ತಡವಾಗಿ ಕಲಿತ,
ಕಿವಿ ವಿಭಾಗದ ಒಬ್ಬ ಉದ್ಯೋಗಿ