ಮನೆಗೆ ಅರವತ್ತೆಂಟು ಕಿಲೋಮೀಟರ್

ಫೆಬ್ರವರಿ 3, ಸೋಮವಾರ. ಬೆಳಗ್ಗೆ 6.50

ಕಾರು ಒರೆಸಿದ್ದಾಯಿತು. ಗಾಜಿನ ಪರದೆಗೆ ಬೇರೆ ಬಟ್ಟೆ, ಕನ್ನಡಕ ಒರೆಸುವಂಥದ್ದು. ಈ ಕಾರಿಗೆ ಗುಂಡಿಗಳೇ ಇಲ್ಲ. ಎಸಿ, ಹಾಡು, ದಾರಿ, ಸೀಟು ಬಿಸಿ ಮಾಡುವುದು — ಎಲ್ಲವೂ ಒಂದೇ ಗಾಜಿನೊಳಗೆ. ತೂಬಗೆರೆಯ ಬಿಸಿಲಿನಲ್ಲಿ ಸೀಟು ಬಿಸಿ ಮಾಡಿಕೊಂಡು ಕೂರುವವರು ಯಾರೋ! ಒದ್ದೆ ಬೆರಳನ್ನು ಗಾಜು ಗುರುತಿಸುವುದಿಲ್ಲ. ಕಾರು ತೊಳೆಯುವವನ ಬೆರಳು ಒದ್ದೆಯಾಗಿಯೇ ಇರುತ್ತದೆ ಎಂಬುದು ಮಾಡಿದವರಿಗೆ ಹೊಳೆದಿಲ್ಲ. ಹೊಳೆಯಬೇಕಾದ ಅಗತ್ಯವೂ ಅವರಿಗಿರಲಿಲ್ಲ.

ನಿನ್ನೆ ದೊಡ್ಡಬಳ್ಳಾಪುರದಿಂದ ಬರುವಾಗ ಯಜಮಾನ ಪಿಳ್ಳಪ್ಪನವರ ಮಗ ನವೀನ್‌ಕುಮಾರ್ ಹಿಂದೆ ಕೂತು ಹಾಡು ಕೇಳುತ್ತಿದ್ದ. ದಾರಿ ಹೇಳುವ ಹೆಂಗಸು ನಡುವೆ ಬಾಯಿ ಹಾಕಿದಳು. "ಟರ್ನ್ ಲೆಫ್ಟ್ ಟುವರ್ಡ್ಸ್ ಟ್ಯೂಬ್ ಗಿಯರ್." ತೂಬಗೆರೆ ಅವಳ ಬಾಯಲ್ಲಿ ಹಾಗೆ.

"ಲೇ ಬೀರ, ಅವಳ ಬಾಯಿ ಮುಚ್ಸೋ!"

ಇರುವುದು ಒಂದೇ ತಿರುಗಿಸುವ ಗುಂಡಿ, ವಾಲ್ಯೂಮಿನದು. ತಿರುಗಿಸಿದೆ. ಹಾಡು ನಿಂತಿತು. ಮುಂದಿನ ತಿರುವಿನಲ್ಲಿ ಅವಳು ಮತ್ತೆ ಕೂಗಿದಳು.

"ಹಾಡು ನಿಲ್ಸಿ ಅವಳನ್ನ ಬಿಟ್ಯಲ್ಲೋ. ಯಾವ ಸ್ಕೂಲಲ್ಲಿ ಓದಿದ್ದು ಗುರು ನೀನು?"

ರಾತ್ರಿ ಕಾರಿನ ಜೊತೆ ಬಂದ ಮುನ್ನೂರು ಪುಟದ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಹಾಡಿಗೊಂದು ದನಿ, ಫೋನಿಗೊಂದು, ದಾರಿ ಹೇಳುವವಳಿಗೊಂದು. ಅವಳ ದನಿ ತಗ್ಗಿಸಬೇಕಾದರೆ ಅವಳು ಮಾತಾಡುತ್ತಿರುವಾಗಲೇ ಗುಂಡಿ ತಿರುಗಿಸಬೇಕಂತೆ. ಮಾತು ಮುಗಿದ ಮೇಲೆ ತಿರುಗಿಸಿದರೆ ತಗ್ಗುವುದು ಹಾಡು. ಅವಳ ಮಾತು ಮೂರು ಸೆಕೆಂಡ್. ನನ್ನ ಕೈ ತಲುಪುವುದು ನಾಲ್ಕನೆಯದಕ್ಕೆ.

ಹದಿನಾರು ಪುಟದ ಕಿರುಹೊತ್ತಿಗೆ ಓದಿ ಆಸ್ತಿ ಕಾನೂನು ಅರ್ಥ ಮಾಡಿಕೊಂಡೆ. ಮುನ್ನೂರು ಪುಟ ಓದಿಯೂ ಈ ಹೆಂಗಸು ಬಗ್ಗುತ್ತಿಲ್ಲ.

ಫೆ. 5, ಬುಧವಾರ

ಇಂದು ಪಿಳ್ಳಪ್ಪನವರ ನಡುಮನೆಯಲ್ಲಿ ನಾಟಕ. ತಟ್ಟೆಯಲ್ಲಿ ಸೀರೆ, ಕುಂಕುಮದ ಬಟ್ಟಲು. ತಟ್ಟೆ ಹಿಡಿದವನು ಅವರ ಮಗ ನವೀನ್. ಎದುರಿಗೆ ಪಿಳ್ಳಪ್ಪನವರ ತಂಗಿ ಅಕ್ಕಯಮ್ಮ.

ಗಂಡ ಸತ್ತ ಮೇಲೆ ತವರಿಗೆ ಬಂದವರು. ಮನೆಯೊಳಗೆ ಜಾಗವಿರಲಿಲ್ಲವಂತೆ. ಬೋರ್‌ವೆಲ್ ಪಕ್ಕದ ಮೋಟರ್ ರೂಮಿನಲ್ಲಿ ವಾಸ, ಅದರ ಸುತ್ತ ಹನ್ನೆರಡು ಗುಂಟೆಯಲ್ಲಿ ಕನಕಾಂಬರ. ಈಗ ಅದೂ ಸೇರಿ ಮನೆತನದ ಮೂರೆಕರೆಯೂ ಗೋಡೌನ್ ಕಟ್ಟುವ ಕಂಪನಿಗೆ ಹೋಗಬೇಕು. ಹೆಣ್ಣುಮಗಳು ಹಕ್ಕು ಬಿಟ್ಟೆನೆಂದು ಸಹಿ ಹಾಕದಿದ್ದರೆ ಕಂಪನಿ ಮುಟ್ಟುವುದಿಲ್ಲ. ಆ ಸಹಿಗೆ ನಮ್ಮ ಕಡೆ ಎಷ್ಟು ಸೊಗಸಾದ ಹೆಸರು — ಅರಿಶಿನ ಕುಂಕುಮಕ್ಕೆ ಬಿಟ್ಟುಕೊಡುವುದು!

"ತಕ್ಕೊಳತ್ತೆ. ತವರುಮನೆ ಅರಿಶಿನ ಕುಂಕುಮ. ಒಂದು ಸೈನು, ಅಷ್ಟೇಯ."

ಅಕ್ಕಯಮ್ಮ ತಟ್ಟೆ ಮುಟ್ಟಲಿಲ್ಲ. "ನಿಮ್ ಮಾವ ಹೋದಾಗ್ನಿಂದ ಮೂವತ್ತೊರ್ಷ ಈ ಬಟ್ಲು ನನ್ನ ದಾಟ್ಕೊಂಡೇ ಹೋಗ್ತಿತ್ತು. ಇವತ್ತು ಯಾಕಪ್ಪಾ ನನ್ ಮುಂದೆ ಬಂದು ನಿಂತ್ಕೊಂಡ್ತು?"

ಬಾಗಿಲಲ್ಲಿ ಕಾರಿನ ಕೀ ಹಿಡಿದು ನಿಂತಿದ್ದೆ. ಚಪ್ಪಾಳೆ ತಟ್ಟಬೇಕೆನ್ನಿಸಿತು.

ಪಿಳ್ಳಪ್ಪನವರು ತಲೆ ತಗ್ಗಿಸಿದರು. "ಹೋಗ್ಲಿ ಬುಡ್ಲಾ. ಆ ಹೂವಿನ ಜಾಗ ಅವಳಿಗೇ ಬಿಟ್ಬುಡನ. ಬಾಕಿಗೆ ಸೈನ್ ಹಾಕ್ತಾಳೆ."

ನವೀನ್ ಮುಖ ಸಿಂಡರಿಸಿದ. "ನೋಡನ" ಎಂದ.

"ಅಷ್ಟಾದ್ರೆ ಸಾಕು ಕಣಣ್ಣ" ಎಂದರು ಅಕ್ಕಯಮ್ಮ.

ಸಾಕು! ಈ ಪದವನ್ನು ನಮ್ಮ ಹೆಂಗಸರ ನಾಲಗೆಯಿಂದ ಕಿತ್ತೆಸೆಯಬೇಕು.

ಫೆ. 6, ಗುರುವಾರ

ಕನಕಾಂಬರದ ಸಾಲಿನಲ್ಲಿ ಕೂತು ಅಕ್ಕಯಮ್ಮನಿಗೆ ಹೊತ್ತಿಗೆ ಓದಿ ಹೇಳಿದೆ. ಮಗಳಿಗೂ ಮಗನಷ್ಟೇ ಪಾಲು. ಕೇಳುತ್ತಲೇ ಹೂ ಬಿಡಿಸುತ್ತಿದ್ದರು.

"ಪಾಲು ತಕ್ಕೊಂಡು ಏನ್ಮಾಡ್ಲಿ ಮಗ? ಈ ಹನ್ನೆರಡು ಗುಂಟೆ ಕಳೆ ಕೀಳಕ್ಕೇ ಸೊಂಟ ಬಿದ್ದೋಗ್ತೈತೆ."

"ಇದು ನಿಮಗೊಬ್ಬರಿಗೇ ಅಲ್ಲ ಅಜ್ಜಿ. ಮುಂದೆ ಬರೋ ಹೆಣ್ಮಕ್ಕಳಿಗೆ."

"ಅವರ್ಯಾರು?"

ತಕ್ಷಣಕ್ಕೆ ಒಂದು ಹೆಸರೂ ಹೊಳೆಯಲಿಲ್ಲ. ಆದರೂ ಬಿಡಲಿಲ್ಲ. ಭಿಕ್ಷೆ ಬೇರೆ, ಹಕ್ಕು ಬೇರೆ ಎಂದೆ. ಇವರು ಬಿಟ್ಟುಕೊಡುವ ಹನ್ನೆರಡು ಗುಂಟೆ ಭಿಕ್ಷೆ. ಗಂಟೆ ಹೊತ್ತು ಮಾತಾಡಿದೆ. ಕೊನೆಗೆ ಮಡಿಲಿನ ಹೂ ಬುಟ್ಟಿಗೆ ಸುರಿದು, "ನೀನು ಓದಿರೋನು. ನೀ ಹೇಳ್ದಂಗೇ ಆಗ್ಲಿ" ಎಂದರು.

ಗೆದ್ದೆ. ಲಾಯರ್ ಪ್ರಮೋದಾ ಭಾಗದ ದಾವೆ ಹಾಕುತ್ತಾರೆ. 24ನೇ ತಾರೀಕು ತಡೆಯಾಜ್ಞೆಯ ವಿಚಾರಣೆ. ಅದು ಸಿಕ್ಕಿತೆಂದರೆ ಯಾರೂ ಮಾರುವಂತಿಲ್ಲ. ಅದಕ್ಕೆ ಮೊದಲೇ ಇವರು ಅಕ್ಕಯಮ್ಮನ ಸಹಿ ಮಾಡಿಸಿಕೊಂಡರೆ ಕೋರ್ಟಿನಲ್ಲಿ ಕೇಳಲು ಏನೂ ಉಳಿಯುವುದಿಲ್ಲ. ಅಲ್ಲಿಯವರೆಗೆ ಆಕೆ ಇವರ ಕೈಗೆ ಸಿಗಬಾರದು.

ಫೆ. 9, ಭಾನುವಾರ. ಮಧ್ಯಾಹ್ನ 3

ಮನೆಯವರೆಲ್ಲ ಮದುವೆಗೆಂದು ಬಸ್ಸು ಮಾಡಿಕೊಂಡು ಹೋದರು. ಕಾರು ವಾಟರ್ ವಾಶ್‌ಗೆ ಬಿಡಲು ನನ್ನ ಕೈಗೆ ಬಂತು. ಅಕ್ಕಯಮ್ಮನನ್ನು ಅದರಲ್ಲೇ ಕೂರಿಸಿಕೊಂಡು ಹೊರಟೆ. ಬೈಕಿನಲ್ಲಿ ಹೋಗಬಹುದಿತ್ತು. ಬೇಕೆಂದೇ ಕಾರು. ಭೂಮಿ ಮಾರಿ ತಂದದ್ದು ಒಂದು ದಿನವಾದರೂ ಭೂಮಿ ಉಳಿಸಲು ಓಡಲಿ.

ಅಕ್ಕಯಮ್ಮ ಚಪ್ಪಲಿ ಬಿಟ್ಟು ಹತ್ತಿದರು. ಹೊಸಕೋಟೆ ದಾಟುವವರೆಗೂ ಸೀಟಿಗೆ ಒರಗಲಿಲ್ಲ. "ಇದರೊಳಗೆ ಯಾರೋ ಹೆಂಗಸು ಮಾತಾಡ್ತಾಳಲ್ಲ, ಅವಳಿಗೆ ಊಟ ಗೀಟ ಇಲ್ವಾ?" ಎಂದರು. ನಕ್ಕೆವು.

ಅನುಗೊಂಡನಹಳ್ಳಿ. ಪಾಪಮ್ಮನವರ ಮನೆ. ಅಂಗನವಾಡಿಯಲ್ಲಿದ್ದು ನಿವೃತ್ತರಾದವರು, ಒಂಟಿ. ಕಳೆದ ವರ್ಷ ಹೊಸಕೋಟೆಯ ಅಧ್ಯಯನ ಶಿಬಿರದಲ್ಲಿ ಪರಿಚಯ. ಅವರ ಮನೆಯ ದಾರಿ ನನಗೆ ಗೊತ್ತಿರಲಿಲ್ಲ, ಫೋನಿನಲ್ಲಿ ಡೇಟಾ ಮುಗಿದಿತ್ತು. ಕಾರಿನವಳನ್ನೇ ಕೇಳಿದೆ. ತಪ್ಪದೆ ಬಾಗಿಲಿಗೆ ತಂದು ನಿಲ್ಲಿಸಿದಳು.

ನಿಂತ ಮೇಲೆ ಸುಮ್ಮನಾಗಬಾರದೆ! ಏನೋ ಕೇಳತೊಡಗಿದಳು. ಕಿಟಕಿ ಇಳಿದಿತ್ತು. ಅಕ್ಕಪಕ್ಕದವರು ಜಗುಲಿಗೆ ಬಂದರು. ಗಾಜಿನ ಮೇಲೆ ಬಿಸಿಲು ಹೊಡೆದು ಅಕ್ಷರ ಕಾಣುತ್ತಿರಲಿಲ್ಲ. ಓಕೆ ಎಂಬುದೊಂದು ಕಂಡಿತು. ಒತ್ತಿದೆ. ಸುಮ್ಮನಾದಳು.

ಫೆ. 10, ಸೋಮವಾರ

ಪುಸ್ತಕದ ಪುಟ 214. ಹಿಂದೆ ಹೋದ ಜಾಗಗಳ ಪಟ್ಟಿ ಕಾರಿನಲ್ಲಿ ಉಳಿಯುತ್ತದಂತೆ. ಅಳಿಸಿದೆ. ಮತ್ತೆ ತೆರೆದು ನೋಡಿದೆ. ಪಟ್ಟಿ ಖಾಲಿ.

ಮುಂದಿನ ಪುಟ ಓದಲಿಲ್ಲ.

ಫೆ. 14, ಶುಕ್ರವಾರ

ಕೋರ್ಟಿನ ನೋಟಿಸು ಬಂದ ಮೇಲೆ ನವೀನ್ ಮೂರು ದಿನದಿಂದ ಅಕ್ಕಯಮ್ಮನನ್ನು ಹುಡುಕುತ್ತ ನೆಂಟರ ಮನೆಗಳನ್ನು ಜಾಲಾಡುತ್ತಿದ್ದಾನೆ. ಕಾರು ಓಡಿಸುವವನು ನಾನೇ. ಸೋಂಪುರದವರೆಗೂ ಹೋಗಿ ಬಂದೆವು. ಕನ್ನಡಿಯಲ್ಲಿ ಅವನ ಮುಖ ನೋಡುತ್ತ, ಒಳಗೊಳಗೇ ನಗುತ್ತ ಓಡಿಸಿದೆ. ಇದನ್ನು ಬರೆಯಲು ಈಗ ನಾಚಿಕೆಯೇನೂ ಇಲ್ಲ.

ಅಕ್ಕಯಮ್ಮ ಪಾಪಮ್ಮನ ಫೋನಿನಿಂದ ಮಾತಾಡಿದರು. "ಮಗ, ಹೂವಿಗೆ ನೀರು ಬಿಟ್ಯಾ?"

"ಬಿಟ್ಟೆ ಅಜ್ಜಿ."

ಬಿಟ್ಟಿರಲಿಲ್ಲ. ಆಗಲೇ ನೆನಪಾದದ್ದು. ನಾಳೆ ಬಿಡಬೇಕು.

"ಅಣ್ಣನ್ನ ಕೋರ್ಟಿಗೆ ಎಳೀಬೇಕಾ? ಹನ್ನೆರಡು ಗುಂಟೆ ಕೊಡ್ತೀನಿ ಅಂದಿದ್ದ..."

"ಇನ್ನು ಹತ್ತೇ ದಿನ ಅಜ್ಜಿ. ಗಟ್ಟಿಯಾಗಿರಿ."

ಹಿಂದೆ ಎಲ್ಲೋ ಪಾತ್ರೆಯ ಸದ್ದು.

ಫೆ. 20, ಗುರುವಾರ. ಬೆಳಗ್ಗೆ 5.30

ನಿನ್ನೆ ಬರೆಯಲಾಗಲಿಲ್ಲ. ಇಂದು ಬರೆಯಲೇಬೇಕು. ಎಲ್ಲವನ್ನೂ, ಇದ್ದ ಹಾಗೆ.

ನಿನ್ನೆ ಹನ್ನೊಂದಕ್ಕೆ ಗೋಡೌನ್ ಕಂಪನಿಯವನು ಜಮೀನು ನೋಡಲು ಬಂದಿದ್ದ. ಬಿಳಿ ಶೂ, ಮಣ್ಣು ತಾಗದಂತೆ ನಡಿಗೆ. ನೋಡಿ ಮುಗಿದ ಮೇಲೆ ನವೀನ್ ಅವನನ್ನು ಊಟಕ್ಕೆ ಕರೆದ. ಕಾರು ಹತ್ತಿದರು. ಮನೆಗೆ ಎರಡು ಕಿಲೋಮೀಟರೂ ಇಲ್ಲ. ನವೀನನಿಗೆ ಕಾರು ತೋರಿಸುವ ಚಪಲ.

"ನೋಡಿ ಸಾರ್. ಬಾಯಲ್ಲಿ ಹೇಳಿದ್ರೆ ಸಾಕು, ಕೈಯೇ ಬೇಡ." ಮುಂದಕ್ಕೆ ಬಾಗಿ ಕೂಗಿದ: "ಟೇಕ್ ಮಿ ಹೋಮ್!"

ಅವಳು ಹೇಳಿದಳು, ಸ್ಪಷ್ಟವಾಗಿ: "ಸ್ಟಾರ್ಟಿಂಗ್ ರೂಟ್ ಟು ಹೋಮ್. ಸಿಕ್ಸ್ಟಿ ಎಯ್ಟ್ ಕಿಲೋಮೀಟರ್ಸ್."

ಬಿಳಿ ಶೂವಿನವನು ನಕ್ಕ. "ನಿಮ್ಮ ಮನೆ ಬಹಳ ದೂರ ಇದೆಯಲ್ಲ ನವೀನ್?"

ನವೀನನೂ ನಕ್ಕ. "ಇದಕ್ಕೆ ತಲೆ ಕೆಟ್ಟೈತೆ ಸಾರ್." ಮತ್ತೆ ಹೇಳಿದ. ಮತ್ತೆ ಅರವತ್ತೆಂಟು.

ನನಗೆ ಆಗಲೇ ಅರ್ಥವಾಯಿತು. ಆ ಓಕೆ. ಪಾಪಮ್ಮನ ಬಾಗಿಲಲ್ಲಿ ಅವಳು ಕೇಳಿದ್ದು ಅದನ್ನೇ — ಇದನ್ನು ಮನೆ ಎಂದು ಬರೆದುಕೊಳ್ಳಲೇ ಎಂದು. ನಾನು ಸರಿ ಎಂದಿದ್ದೆ. ನಾನು ಅಳಿಸಿದ ಪಟ್ಟಿಯೇ ಬೇರೆ, ಮನೆಯ ವಿಳಾಸ ಇರುವ ಜಾಗವೇ ಬೇರೆ. ಪುಟ 215.

ಮೂರನೇ ಸಲ ಅವಳು ಬಾಯಿ ತೆರೆದಾಗ ಗುಂಡಿ ತಿರುಗಿಸಿದೆ. ಮಾತಿನ ನಡುವೆಯೇ. ಅವಳ ದನಿ ಇಳಿದು ಇಳಿದು ಇಲ್ಲವಾಯಿತು. ಮೊದಲ ಸಲ ಸರಿಯಾಗಿ ತಿರುಗಿಸಿದ್ದೆ.

ಆದರೆ ದಾರಿ ಪರದೆಯ ಮೇಲಿತ್ತು. ನೀಲಿ ಗೆರೆ. ಅದರ ತುದಿಯಲ್ಲಿ ಊರ ಹೆಸರು. ನವೀನ್ ಓದಿದ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಇಷ್ಟು ದಿನ ನಾನು ನೋಡುತ್ತಿದ್ದ ಕನ್ನಡಿ.

ಊಟ ಮುಗಿಸಿ ಶೂವಿನವನನ್ನು ಕಳಿಸಿದ. ತಂದೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ತಾನು ಹಿಂದೆ, ಪಕ್ಕದಲ್ಲಿ ಆ ತಟ್ಟೆ. "ನಡಿಯೋ ಬೀರ. ಮನೆಗೆ ಹೋಗನ."

ಪಿಳ್ಳಪ್ಪನವರಿಗೆ ತಿಳಿಯಲಿಲ್ಲ. "ಮನೇಲೇ ಇದ್ದೀವಲ್ಲೋ?"

ಬೇಡ ಎನ್ನಬಹುದಿತ್ತು. ಕೀ ಎಸೆದು ಹೋಗಬಹುದಿತ್ತು. ನಾನು ಓದಿದ ಪ್ರತಿ ಹೊತ್ತಿಗೆಯಲ್ಲೂ ಅಂಥ ಒಂದು ಗಳಿಗೆ ಬರುತ್ತದೆ, ಯಾರೋ ಎದ್ದು ನಿಲ್ಲುತ್ತಾರೆ. ನಾನು ಗೇರ್ ಹಾಕಿದೆ.

ಅನುಗೊಂಡನಹಳ್ಳಿಯಲ್ಲಿ ಪಾಪಮ್ಮ ಬಾಗಿಲಿಗೆ ಅಡ್ಡ ನಿಂತರು. ಅಕ್ಕಯಮ್ಮ ಹಿತ್ತಲಿನಿಂದ ಬಂದರು. ಮೊದಲು ಅಣ್ಣನನ್ನು ನೋಡಿದರು, ಆಮೇಲೆ ನನ್ನನ್ನು.

"ಬೀರನೇ ಕರ್ಕೊಂಡು ಬಂದ ಅತ್ತೆ" ಎಂದ ನವೀನ್, ನನ್ನ ಹೆಗಲ ಮೇಲೆ ಕೈ ಹಾಕಿ. "ಒಳ್ಳೆ ಹುಡ್ಗ."

"ಇಲ್ಲ ಅಜ್ಜಿ! ನಾನು ಹೇಳಲಿಲ್ಲ. ಕಾರು ಹೇಳ್ತು."

"ಕಾರು ಹೇಳ್ತಾ?"

"ಹೂಂ ಅಜ್ಜಿ."

"ಕಾರಿಗೆ ಯಾರು ಹೇಳಿದ್ರು ಮಗ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

ನವೀನ್ ದನಿ ಎತ್ತಲಿಲ್ಲ. "ಸೈನ್ ಹಾಕಿದ್ರೆ ಸರಿ ಅತ್ತೆ. ಇಲ್ಲಾಂದ್ರೆ ಸ್ಟೇಷನ್‌ಗೆ ಹೋಗ್ತೀನಿ. ಕೆಲಸದೋನು ನನ್ನ ಕಾರು ಕದ್ದು, ವಯಸ್ಸಾದೋರ್ನ ಎತ್ಕೊಂಡೋಗಿ ಕೂಡಾಕವ್ನೆ ಅಂತ. ಎಲ್ಲಾ ಕಾರಲ್ಲೇ ಬರ್ಕೊಂಡೈತೆ. ಈಯಮ್ಮನ ಹೆಸರೂ ಸೇರಿಸ್ತೀನಿ."

"ಆ ಹೂವಿನ ಜಾಗ..." ಎಂದರು ಪಿಳ್ಳಪ್ಪನವರು.

"ಅದು ಅವತ್ತಿನ ಮಾತು ಕಣಪ್ಪಾ. ಕೋರ್ಟಿಗೆ ಹೋಗೋ ತನಕ ಇತ್ತು."

ಅಕ್ಕಯಮ್ಮ ಜಗುಲಿಯ ಮೇಲೆ ಕೂತರು. ನಾನು ಬಾಯಿ ತೆರೆದೆ. ಸಹಿ ಹಾಕಬೇಡಿ, ನನಗೇನಾದರೂ ಆಗಲಿ ಎನ್ನಬೇಕಿತ್ತು. ಆ ವಾಕ್ಯ ಪೂರ್ತಿ ಸಿದ್ಧವಿತ್ತು. ಸ್ಟೇಷನ್ ನೆನೆದು ಅದನ್ನು ನುಂಗಿಕೊಂಡೆ.

"ಸೈನ್ ಹಾಕಿದ್ರೆ ಇವನನ್ನ ಏನೂ ಮಾಡಬಾರ್ದು" ಎಂದರು ಆಕೆ, ನವೀನನಿಗೆ. "ಕೆಲಸದಿಂದ್ಲೂ ತೆಗೀಬಾರ್ದು. ಅವನಿಗೆ ಓದೋ ಹುಚ್ಚು ಬಿಟ್ರೆ ಬೇರೇನಿಲ್ಲ."

ನವೀನ್ ತಟ್ಟೆ ಮುಂದಿಟ್ಟ.

ಫೆ. 21, ಶುಕ್ರವಾರ. ಮಧ್ಯಾಹ್ನ 12.15

ದೊಡ್ಡಬಳ್ಳಾಪುರ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು, ಕಾರಿನೊಳಗೆ. ಅವರೆಲ್ಲ ಒಳಗಿದ್ದಾರೆ. ಅಕ್ಕಯಮ್ಮ ಆ ಹೊಸ ಸೀರೆ ಉಟ್ಟಿದ್ದಾರೆ. ಹಣೆಯಲ್ಲಿ ಕುಂಕುಮ. ಮೂವತ್ತು ವರ್ಷದ ಮೇಲೆ. ನವೀನನೇ ಇಟ್ಟನಂತೆ. ಎಷ್ಟೋ ಕಂದಾಚಾರಗಳನ್ನು ಮುರಿಯಬೇಕೆಂದು ಬರೆದುಕೊಂಡಿದ್ದೆ, ಇದು ಆ ಪಟ್ಟಿಯಲ್ಲಿತ್ತು.

ಲಾಯರ್ ಪ್ರಮೋದಾ ಫೋನ್ ಮಾಡಿದ್ದರು. ಎತ್ತಿದೆ. ಕಾರಿನ ಸ್ಪೀಕರಿನಲ್ಲಿ ಅವರ ದನಿ, ರಸ್ತೆಗೆಲ್ಲ ಕೇಳುವಂತೆ: "ಬೀರೇಶ್, 24ಕ್ಕೆ ಅಜ್ಜಿನ ಕರ್ಕೊಂಡು ಹತ್ತೂವರೆಗೆ ಬಂದ್ಬಿಡಿ." ಫೋನಿನ ದನಿ ತಗ್ಗಿಸುವುದು ಬೇರೆ ಕಡೆ. ಹುಡುಕಲಿಲ್ಲ. ಬರುವುದಿಲ್ಲ ಮೇಡಂ ಎಂದೆ.

ಸಂಜೆ 5

ನವೀನ್, ಪಿಳ್ಳಪ್ಪನವರು ಕಂಪನಿಯವನ ಕಾರಿನಲ್ಲಿ ಹೋದರು. "ಅತ್ತೆನ ಬಿಟ್ಬುಡೋ" ಎಂದ ನವೀನ್. ಎಲ್ಲಿಗೆ ಎಂದು ಹೇಳಲಿಲ್ಲ.

ಅಕ್ಕಯಮ್ಮ ಹಿಂದೆ ಕೂತರು. ಚಪ್ಪಲಿ ಬಿಡಲಿಲ್ಲ ಈ ಸಲ. ಸೆರಗಿನಿಂದ ಹಣೆ ಒರೆಸಿಕೊಂಡರು. ಕುಂಕುಮ ಹೋಗಲಿಲ್ಲ, ಹರಡಿಕೊಂಡಿತು.

ಮೋಟರ್ ರೂಮಿಗೆ ಬೆಳಗ್ಗೆಯೇ ಬೇರೆ ಬೀಗ ಬಿದ್ದಿದೆ. ಆಕೆಗೆ ಗೊತ್ತು. ಕನಕಾಂಬರ ಒಣಗಿದೆ. ಅದು ಗೊತ್ತಿಲ್ಲ; ಈ ಎರಡು ದಿನ ಆಕೆಯನ್ನು ಪಿಳ್ಳಪ್ಪನವರ ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಹದಿನಾಲ್ಕನೇ ತಾರೀಕಿನ ನಾಳೆ ಬರಲೇ ಇಲ್ಲ.

"ಎಲ್ಲಿಗೆ ಬಿಡಲಿ ಅಜ್ಜಿ?"

"ಕಾರಿಗೆ ಗೊತ್ತಲ್ಲ ಮಗ. ಅದನ್ನೇ ಕೇಳು."

ತಮಾಷೆಯೋ ಏನೋ. ಕನ್ನಡಿ ನೋಡಲು ಧೈರ್ಯವಾಗಲಿಲ್ಲ. ಆ ಮನೆಯ ಗುರುತು ಈಗಲೂ ಪರದೆಯ ಮೂಲೆಯಲ್ಲೇ ಇದೆ, ಹೆಂಚಿನ ಸೂರಿನ ಸಣ್ಣ ಚಿತ್ರ. ಒತ್ತಿದೆ. ಬೆರಳು ಒದ್ದೆಯಾಗಿತ್ತು. ಗಾಜು ಗುರುತಿಸಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಒತ್ತಿದೆ.

ಅವಳು ಶುರುಮಾಡಿದಳು. ದನಿ ತಗ್ಗಿಸಲು ಕೈ ಚಾಚಿದೆ.

"ಬ್ಯಾಡ. ಮಾತಾಡ್ಲಿ ಬುಡು" ಎಂದರು ಅಕ್ಕಯಮ್ಮ. "ಏನಂತೆ?"

"ಮನೆಗೆ ಐವತ್ತೆರಡು ಕಿಲೋಮೀಟರ್ ಅಂತೆ ಅಜ್ಜಿ."

"ಯಾರ ಮನೆ?"

ನಾನು ಗೇರ್ ಹಾಕಿದೆ, ಪಾಪಮ್ಮನವರ ಮನೆಯ ಕಡೆಗೆ.