ಬೀಗದ ಮನೆಗೆ ಗಾಜಿನ ಹಂಚು

ಬೋಳಾರ, ಮಂಗಳೂರು
ತಾ. 11-3-1936

ಪ್ರೀತಿಯ ತಮ್ಮ ಮಾಯಿಲಪ್ಪನಿಗೆ,

ಅಕ್ಕನ ಹರಕೆ ಮೊದಲು, ಕ್ಷಮೆ ಆಮೇಲೆ. ಬೊಂಬಾಯಿಯಿಂದ ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನಸ್ಸಾಗಲಿಲ್ಲ. ಉಳ್ಳಾಲದ ಕಡಲ ಬದಿಯಲ್ಲಿ ನೀನು ಕಟ್ಟಿಸುವ ರಜೆಯ ಮನೆಗೆ ಹಂಚಿನ ಮಾಡಿನಿಂದ ಒಳಗೆ ಬೆಳಕು ಬಿಡಿಸುವುದು ಹೇಗೆ ಎಂದು ನಾಲ್ಕು ಪುಟ ಬರೆದಿದ್ದೀ. ನನ್ನ ಬಗ್ಗೆ ಅರ್ಧ ಸಾಲು, "ನೀನು ಸೌಖ್ಯವೆಂದು ನಂಬಿದ್ದೇನೆ" ಅಂತ. ನಂಬಿಕೊಂಡಿರು, ಖರ್ಚಿಲ್ಲದ ಕೆಲಸ.

ಕೇಳಿದ್ದು ತಪ್ಪೆಂದು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷ ಹಂಚಿನ ಕಾರ್ಖಾನೆಯಲ್ಲಿ ಕೂತು, ಒಂದೊಂದು ಹಂಚನ್ನೂ ಬೆರಳಿನಿಂದ ತಟ್ಟಿ, ಅದರ ಸದ್ದು ಕೇಳಿಯೇ ಗಟ್ಟಿ ಯಾವುದು, ಒಡಕು ಯಾವುದು ಎಂದು ಬೇರೆ ಮಾಡಿದವಳು ನಾನು. ಅಮ್ಮ ಹೋದ ಮೇಲೆ ನಿನ್ನನ್ನು ಸಾಕಿದ್ದೂ ಆ ಬೆರಳೇ. ಹಂಚಿನ ವಿಷಯ ನನ್ನನ್ನಲ್ಲದೆ ಇನ್ನು ಯಾರನ್ನು ಕೇಳುತ್ತೀ?

ಹೋದ ಆದಿತ್ಯವಾರ ನಿನ್ನ ಬಡಗಿ ಲಿಗೋರಿ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಇಬ್ಬರೂ ಅಂಬಿಗ ಸಲಾಂನ ದೋಣಿಯಲ್ಲಿ ಹೊಳೆ ದಾಟಿ ಹೋಗಿ ನೋಡಿ ಬಂದೆವು. ಗೋಡೆ ಮುಗಿದಿದೆ, ಮಾಡಿಗೆ ಪಕ್ಕಾಸಿನ ಮರ ಏರಿದೆ. ನಡುವಿನ ಕೋಣೆ ಮಾತ್ರ ಹಗಲಿನಲ್ಲೂ ಕತ್ತಲೆ. ನಿನ್ನ ಹೆಂಡತಿ ಜಯಳಿಗೆ ಬೇಕಾದದ್ದು ಸಾಹೇಬರ ಬಂಗಲೆಯಲ್ಲಿರುವಂಥದ್ದು, ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಹಗ್ಗ ಎಳೆದರೆ ತೆರೆದುಕೊಳ್ಳುವ ಕಿಂಡಿ. ಲಿಗೋರಿ ಮಾಡಿನ ಕಡೆ ನೋಡಿ ತಲೆಯಾಡಿಸಿದ.

"ಚಂದ ಉಂಟು ಕುಶಲಕ್ಕ. ಆದರೆ ಈ ಉಪ್ಪುಗಾಳಿಗೆ ಎರಡು ಮಳೆಗಾಲ ಬಾಳುವುದಿಲ್ಲ. ವರ್ಷ ವರ್ಷ ಬಣ್ಣ ಬೇಕು, ಗಾಜಿನ ಅಂಚಿಗೆ ಪುಟ್ಟಿಯ ಅಂಟು ಬೇಕು, ಮಳೆ ಬರುವಾಗ ಮುಚ್ಚಲಿಕ್ಕೆ ಮನೆಯಲ್ಲಿ ಒಬ್ಬರು ಬೇಕು. ನೀವೇ ಇರುವುದಲ್ವಾ? ಮತ್ತೆ ಎಂತ ತೊಂದರೆ?" ಎಂದ.

"ಗೊತ್ತಿಲ್ಲ ಮಾರಾಯ, ತಮ್ಮ ಅದನ್ನು ಬರೆಯಲಿಲ್ಲ," ಎಂದೆ.

ಸುಳ್ಳು ಹೇಳಿದೆ. ನೀನು ಬಿಡಿಸಿಯೇ ಬರೆದಿದ್ದೀ. ಹನ್ನೊಂದು ತಿಂಗಳು ಬೀಗ ಹಾಕಿರುವ ಮನೆ, ಯಾರನ್ನೂ ಇಟ್ಟುಕೊಳ್ಳುವ ರಗಳೆ ಬೇಡ, ತನ್ನಷ್ಟಕ್ಕೆ ಬಾಳುವಂಥದ್ದು ಹೇಳು ಎಂದು. ಸಂಬಂಧಿಕರನ್ನು ಒಳಗೆ ಕೂರಿಸಿದರೆ ಏಳಿಸುವುದು ಕಷ್ಟ ಎಂದು ಜಯ ಹೇಳಿದ್ದನ್ನೂ ಕೆಳಗೆ ಸೇರಿಸಿದ್ದೀ. ಅದು ಯಾರ ವಿಷಯ ಎಂದು ನಾನು ಕೇಳುವುದಿಲ್ಲ. ನಿನಗೆ ನನ್ನೊಬ್ಬಳನ್ನು ಬಿಟ್ಟರೆ ಸಂಬಂಧಿಕರು ಇನ್ನು ಯಾರಿದ್ದಾರೆ? ಆ ಸಾಲು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಈಗ ನಿನಗೆ ಬೇಕಾದ ಮಾತಿಗೆ ಬರುತ್ತೇನೆ. ಕಬ್ಬಿಣದ ಆಸೆ ಬಿಡು. ಮಣ್ಣಿನ ಹಂಚಿಗೆ ಕಿಂಡಿ ಕೊರೆದು ಗಾಜಿನ ತುಂಡು ಅಂಟಿಸಿದ್ದೂ ಬೇಡ, ಪುಟ್ಟಿ ಒಣಗಿ ಉದುರುತ್ತದೆ, ಸೋರುತ್ತದೆ. ಇಡೀ ಗಾಜಿನದೇ ಹಂಚು ತರಿಸು. ಮಣ್ಣಿನ ಹಂಚಿನದ್ದೇ ಅಚ್ಚು, ಅದರ ಜಾಗದಲ್ಲೇ ರೀಪಿನ ಪಟ್ಟಿಗೆ ಸಿಕ್ಕಿಸಿದರಾಯಿತು. ತುಕ್ಕಿಲ್ಲ, ಅಂಟಿಲ್ಲ, ಮಳೆಯೇ ತೊಳೆಯುತ್ತದೆ. ಕೋಣೆಗೆ ಮೂರು ಸಾಕು. ಕಡಲ ಕಡೆಯ ಇಳಿಜಾರಿಗೆ ಬೇಡ, ಗಾಳಿ ಎಬ್ಬಿಸುತ್ತದೆ, ಮೂಡು ದಿಕ್ಕಿಗೆ ಹಾಕಿಸು. ತೆಂಗಿನ ಮರದ ಅಡಿಗಂತೂ ಬೇಡವೇ ಬೇಡ. ಒಡೆದರೆ ಬೇಕಾಗುತ್ತದೆ, ಇನ್ನು ನಾಲ್ಕು ಅಟ್ಟದಲ್ಲಿರಲಿ. ಹೀಗೆ ಮಾಡಿದರೆ ಹತ್ತು ವರ್ಷ ಯಾರೂ ಏಣಿ ಹತ್ತಬೇಕಾಗಿಲ್ಲ. ಮಳೆ ಹಿಡಿಯುವುದರೊಳಗೆ, ಪತ್ತನಾಜೆಯ ಮೊದಲೇ, ಮಾಡು ಮುಚ್ಚಿಸುತ್ತೇನೆಂದು ಲಿಗೋರಿ ಒಪ್ಪಿದ್ದಾನೆ.

ಜಯಳಿಗೂ ಮಕ್ಕಳಿಗೂ ಕೇಳಿದ್ದೇನೆಂದು ಹೇಳು. ನಿನಗೆ ಎದೆಯಲ್ಲಿ ಕಫ ಕಟ್ಟುವುದು ಚಿಕ್ಕಂದಿನಿಂದಲೂ ಇದ್ದದ್ದು, ತಣ್ಣೀರು ಮೀಯಬೇಡ. ಹೊಸ ಮನೆಯಲ್ಲಿ ನೀವೆಲ್ಲ ನಗುನಗುತ್ತಾ ಇರಿ. ಇದನ್ನು ಸಿಟ್ಟಿನಿಂದ ಬರೆದದ್ದಲ್ಲ, ಸಿಟ್ಟು ಬೇರೆ ಕಡೆ ಉಂಟು.

ನಿನ್ನ ಅಕ್ಕ
ಕುಶಲಾ

ಮತ್ತೊಂದು ಮಾತು: ಹೇಳಬಾರದೆಂದಿದ್ದೆ. ಕಾರ್ಖಾನೆಯವರು ನನ್ನನ್ನು ಕೆಲಸದಿಂದ ಬಿಡಿಸಿ ಒಂದು ತಿಂಗಳಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲದ್ದು ಅರ್ಧ. ಒಡಕು ಹಂಚನ್ನು ತಟ್ಟಿ ಗಟ್ಟಿ ಎಂದು ಕೊಟ್ಟೆ, ಒಂದಲ್ಲ, ಹಲವು. ಅವರು ಕೊಟ್ಟ ಈ ಕೋಣೆಯನ್ನು ತಿಂಗಳ ಕೊನೆಗೆ ಬಿಡಬೇಕು. ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲ. ಉಳ್ಳಾಲದಿಂದ ಬಂದ ಮೇಲೆ, ಕಬ್ಬಿಣದ್ದೇ ಒಳ್ಳೆಯದು ಎಂದು ನಿನಗೆ ಬರೆದುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಹಂಚಿನ ವಿಷಯದಲ್ಲಿ ನೀನು ನನ್ನ ಮಾತು ಮೀರುವವನಲ್ಲ. ಆಗ ಕಿಂಡಿ ಮುಚ್ಚಲಿಕ್ಕೆ, ಬಣ್ಣ ಬಳಿಸಲಿಕ್ಕೆ ಆ ಮನೆಗೆ ಒಬ್ಬರು ಬೇಕೇ ಬೇಕಾಗುತ್ತಿತ್ತು. ಬರೆಯಲು ಕೈ ಬರಲಿಲ್ಲ. ಅಕ್ಕ ಬೇಕು ಎಂದು ನೀನು ಹೇಳಬೇಕಿತ್ತು ಮಾಯಿಲಪ್ಪ, ತುಕ್ಕು ಹಿಡಿದ ಕಬ್ಬಿಣ ಹೇಳುವುದಲ್ಲ.